ಓದುಗರ ಪ್ರಶ್ನೆ: ಸೈಕಲ್ಲಿಗೆ ಯಾವ ನೀರಿನ ಬಾಟಲಿ?

ಫೆಬ್ರವರಿ ದಾಟಿತೆಂದರೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳೂ ಬದಲಾಗುತ್ತವೆ. ಚಳಿಗಾಲದಲ್ಲಿ ಮೊಣಕಾಲು ನೋವು, ಶೂ, ಸೀಟಿನ ಎತ್ತರ ಅಂತ ಕೇಳುತ್ತೀರಿ. ಬಿಸಿಲು ಏರಿದಂತೆ ನೀರಿನ ಮಾತು ಶುರುವಾಗುತ್ತದೆ. ಈ ಸಲ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ನೀರಿನ ಬಾಟಲಿಯ ಬಗ್ಗೆಯೇ ಇವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಕಲಬುರಗಿಯ ಪ್ರೌಢಶಾಲೆಯಲ್ಲಿ 31 ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ದಿನಾ ಬೆಳಿಗ್ಗೆ ಸೈಕಲ್ ತುಳಿಯುತ್ತೇನೆ. ಇಲ್ಲಿ ಹೇಳಿದ್ದರಲ್ಲಿ ಹೆಚ್ಚಿನದು ಆ ಎರಡು ಕೆಲಸಗಳಲ್ಲಿ ಕಲಿತದ್ದು.

ಪ್ರಶ್ನೆ: ಅಕ್ಕೋರೆ, ಶರಣ್ರಿ. ನಾನು ಡಿಪ್ಲೊಮಾ ಓದುತ್ತಿದ್ದೇನೆ. ಹೋದ ದೀಪಾವಳಿಗೆ ಗೇರ್ ಸೈಕಲ್ ತಗೊಂಡೆ. ಭಾನುವಾರ ಗೆಳೆಯರ ಜೊತೆ ಗಾಣಗಾಪುರಕ್ಕೆ ಹೋಗಿ ಬರುತ್ತೇನೆ. ಪ್ರತಿ ಸಲ ದಾರಿಯಲ್ಲಿ ನೀರಿನ ಬಾಟಲಿ ಕೊಂಡು, ಕುಡಿದು, ಬಿಸಾಡಿ ಬೇಸರವಾಗಿದೆ. ಬಹಳ ದಿನ ಬಾಳುವ ಒಂದು ಬಾಟಲಿ ಬೇಕು. ಅಪ್ಪ ಸ್ಟೀಲಿನ ಥರ್ಮಾಸ್ ಬಾಟಲಿ ತಗೋ ಅಂತಾರೆ. ಗೆಳೆಯರು ಪ್ಲಾಸ್ಟಿಕ್ಕಿನದೇ ಸರಿ ಅಂತಾರೆ. ಯಾರ ಮಾತು ಕೇಳಲಿ?
— ವಿದ್ಯಾರ್ಥಿ, ಕಲಬುರಗಿ

ಉತ್ತರ: ತಮ್ಮಾ, ಮೊದಲು ನಿನ್ನ ಅಪ್ಪನ ಮಾತು ನೋಡೋಣ. ಸ್ಟೀಲಿನ ಥರ್ಮಾಸ್ ಬಾಟಲಿ ಒಳ್ಳೆಯ ವಸ್ತು. ಅದಕ್ಕೆ ಎರಡು ಗೋಡೆ ಇರುತ್ತವೆ. ನಡುವಿನ ಗಾಳಿಯನ್ನು ಹೀರಿ ತೆಗೆದು ಮುಚ್ಚಿರುತ್ತಾರೆ. ಜೇಮ್ಸ್ ಡೀವಾರ್ ಎಂಬ ವಿಜ್ಞಾನಿ 1892ರಲ್ಲಿ ತನ್ನ ಪ್ರಯೋಗಶಾಲೆಗಾಗಿ ಕಂಡುಕೊಂಡ ಉಪಾಯ ಇದು. ನಡುವೆ ಗಾಳಿಯೇ ಇಲ್ಲದ ಮೇಲೆ ಹೊರಗಿನ ಬಿಸಿ ಒಳಗೆ ದಾಟಲು ದಾರಿ ಕಡಿಮೆ. ಬೆಳಿಗ್ಗೆ ಐದಕ್ಕೆ ತುಂಬಿದ ತಣ್ಣೀರು ಮಧ್ಯಾಹ್ನವೂ ತಣ್ಣಗೆ ಇರುತ್ತದೆ.

ಆದರೆ ಓಡುವ ಸೈಕಲ್ ಮೇಲೆ ಅದರಿಂದ ಕುಡಿಯೋದು ಹೇಗೆ? ಮುಚ್ಚಳ ತಿರುಗಿಸಲು ಎರಡು ಕೈ ಬೇಕು. ಅಂದರೆ ಸೈಕಲ್ ನಿಲ್ಲಿಸಬೇಕು. ನಿಲ್ಲಿಸಬೇಕು ಅಂದ ತಕ್ಷಣ ಮನಸ್ಸು ‘ಇನ್ನೊಂದು ಎರಡು ಕಿಲೋಮೀಟರ್ ಹೋಗಿ ಕುಡಿಯೋಣ’ ಅನ್ನುತ್ತದೆ. ಆ ಎರಡು ಹತ್ತಾಗುತ್ತದೆ. ನಾನೂ ನಿವೃತ್ತಿಯಾದ ವರ್ಷ ಮುಕ್ಕಾಲು ಲೀಟರಿನ ಸ್ಟೀಲ್ ಬಾಟಲಿಯನ್ನೇ ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೊರಟಿದ್ದೆ. ಗಾಣಗಾಪುರದ ದಾರಿಯ ಚೌಡಾಪುರ ಇನ್ನೂ ಬಂದಿರಲಿಲ್ಲ. ರಸ್ತೆಯ ಗುಂಡಿಯೊಂದಕ್ಕೆ ಚಕ್ರ ಇಳಿದದ್ದೇ ತಡ, ಬಾಟಲಿ ಹಾರಿ ಬಿತ್ತು. ಹಿಂದೆ ಬರುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿ ಅದರ ಮೇಲೆ ಚಕ್ರ ಹತ್ತಿಸಿ ಬಿದ್ದಳು. ಮೊಣಕೈ ಚರ್ಮ ಕಿತ್ತು ಬಂತು. ಹಿಂದೆ ಲಾರಿ ಇರಲಿಲ್ಲ, ಅದೇ ಪುಣ್ಯ. ಅವತ್ತಿನಿಂದ ಯಾರ ಸೈಕಲ್ ನೋಡಿದರೂ ಮೊದಲು ಬಾಟಲಿ ಹಿಡಿದು ಅಲ್ಲಾಡಿಸಿ ನೋಡುತ್ತೇನೆ.

ಬಾಟಲಿ ಬೀಳಲು ಕಾರಣ ಇತ್ತು. ಸೈಕಲ್ಲಿನ ಬಾಟಲಿ ಕೇಜ್, ಅಂದರೆ ಫ್ರೇಮಿಗೆ ಬಿಗಿದ ಬಾಟಲಿ ಹಿಡಿಕೆ, ಸುಮಾರು 73-74 ಮಿಲಿಮೀಟರ್ ವ್ಯಾಸದ ಬಾಟಲಿಗೆ ಮಾಡಿದ್ದು. ಮನೆಯ ಸ್ಟೀಲ್ ಬಾಟಲಿಗಳಿಗೆ ಈ ಅಳತೆ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಒಂದು ಚೂರು ಸಣ್ಣದಾದರೂ ಕೆಟ್ಟ ರಸ್ತೆಯಲ್ಲಿ ಕುಣಿಯುತ್ತದೆ, ದಪ್ಪವಾದರೆ ಕೇಜ್ ಅಗಲಿಸಿ ಹಾಳು ಮಾಡುತ್ತದೆ. ಸೈಕಲ್ ಬಾಟಲಿಯ ಕೊರಳಿನ ಹತ್ತಿರ ಒಂದು ತಗ್ಗು ಇರುತ್ತದಲ್ಲ, ಅದು ಅಂದಕ್ಕೆ ಮಾಡಿದ್ದಲ್ಲ. ಕೇಜಿನ ಮೂಗು ಅಲ್ಲಿ ಕೂತು ಬಾಟಲಿಯನ್ನು ಹಿಡಿದುಕೊಳ್ಳುತ್ತದೆ. ಸಾದಾ ಥರ್ಮಾಸ್ ಬಾಟಲಿಗೆ ಆ ತಗ್ಗು ಇರುವುದಿಲ್ಲ. ತೂಕವೂ ಜಾಸ್ತಿ. ಮೆತ್ತನೆಯ ಸೈಕಲ್ ಬಾಟಲಿ ಖಾಲಿ ಇದ್ದಾಗ 100 ಗ್ರಾಂ ಒಳಗೇ ಇರುತ್ತದೆ, ಸ್ಟೀಲಿನದು ಮೂರ್ನಾಲ್ಕು ಪಟ್ಟು ತೂಗುತ್ತದೆ.

ಹಾಗಾಗಿ ಫ್ರೇಮಿನ ಮೇಲೆ ನಿನ್ನ ಗೆಳೆಯರು ಹೇಳಿದ ಮೆತ್ತನೆಯ, ಹಿಚುಕುವ ಬಾಟಲಿಯೇ ಇರಲಿ. ಒಂದೇ ಕೈಯಲ್ಲಿ ಎಳೆದು, ಹಲ್ಲಿನಿಂದ ಮೂತಿ ತೆರೆದು, ಹಿಚುಕಿದರೆ ನೀರು ಬಾಯಿಗೆ ಚಿಮ್ಮುತ್ತದೆ. ತಂಬಿಗೆ ಎತ್ತಿ ಬಾಯಿಗೆ ತಾಗಿಸದೆ ಕುಡಿದು ಬೆಳೆದವರು ನಾವು. ನಮಗೆ ಇದು ಬೇಗ ರೂಢಿಯಾಗುತ್ತದೆ. ತಲೆ ಹಿಂದಕ್ಕೆ ಚೆಲ್ಲಬೇಕಿಲ್ಲ, ಕಣ್ಣು ರಸ್ತೆಯ ಮೇಲೇ ಇರುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಖಾಲಿ ಬಾಟಲಿ ಹಿಚುಕಿ ನೋಡು. ಬೆರಳಿಗೆ ಸಲೀಸಾಗಿ ಬಗ್ಗಬೇಕು, ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಬರಬೇಕು. ಮುಚ್ಚಳ ತೆಗೆದು ನಿನ್ನ ಅಂಗೈ ಒಳಗೆ ಹೋಗುತ್ತದೆಯೇ ನೋಡು. ಪೂರ್ತಿ ಹೋಗದಿದ್ದರೂ ನಾಲ್ಕು ಬೆರಳು ಹೋಗಬೇಕು. ತೊಳೆಯಲು ಬಾರದ ಬಾಟಲಿ ಎಷ್ಟು ಚಂದ ಇದ್ದರೂ ಬೇಡ.

ಎಷ್ಟು ದೊಡ್ಡದು? ಗಾಣಗಾಪುರಕ್ಕೆ ಹೋಗಿ ಬಂದರೆ ಸುಮಾರು 80 ಕಿಲೋಮೀಟರ್. ನಿಮ್ಮ ವೇಗದಲ್ಲಿ ನಾಲ್ಕೈದು ಗಂಟೆ ಬೇಕು. ಬೆವರುವ ಸೈಕಲ್ ಸವಾರರಿಗೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕಾಗುತ್ತದೆ. ಅಂದರೆ ಒಟ್ಟು ಎರಡೂವರೆ, ಮೂರು ಲೀಟರ್. 750 ಮಿಲಿಯ ಎರಡು ಬಾಟಲಿ ಹಾಕಿಕೊಂಡು ಹೊರಡು. ಭೀಮಾ, ಅಮರ್ಜಾ ಕೂಡುವ ಸಂಗಮ ನೋಡಿಕೊಂಡು, ಊರಲ್ಲಿ ಎರಡನ್ನೂ ತುಂಬಿಸಿಕೊಂಡು ತಿರುಗಿ ಬಾ. ನಿನ್ನ ದೇಹದ ಲೆಕ್ಕ ನಿನಗೇ ಗೊತ್ತಾಗಬೇಕಾದರೆ ಒಂದು ಸುಲಭದ ದಾರಿ ಇದೆ. ಹೊರಡುವ ಮುಂಚೆ ತೂಕ ನೋಡಿಕೊ, ಬಂದ ಮೇಲೆ ಬೆವರು ಒರೆಸಿಕೊಂಡು ಮತ್ತೆ ನೋಡಿಕೊ. ಒಂದು ಕಿಲೋ ಇಳಿದಿದ್ದರೆ, ಕುಡಿದದ್ದು ಸಾಲದೆ ಸುಮಾರು ಒಂದು ಲೀಟರ್ ಕಡಿಮೆಯಾಗಿದೆ ಅಂತ ಅರ್ಥ. ತೂಕ ಏರಿದ್ದರೆ ಬೇಡದಷ್ಟು ಕುಡಿದಿದ್ದೀಯ. ಅದೂ ಒಳ್ಳೆಯದಲ್ಲ, ರಕ್ತದಲ್ಲಿನ ಉಪ್ಪು ತೆಳುವಾಗುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬರಿಗೆ ನೆಹರೂ ಗಂಜಿನಲ್ಲಿ ಕಾಳಿನ ಅಂಗಡಿ ಇದೆ. ತೊಗರಿ ಚೀಲ ತೂಗುವ ತಕ್ಕಡಿಯ ಮೇಲೆ ನಾವೆಲ್ಲ ನಿಂತು ಈ ಲೆಕ್ಕ ಮಾಡಿದ್ದೇವೆ.

ಇನ್ನು ಬಿಸಿಯ ಮಾತು. ಒಂದೇ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ನೀರು ನಮ್ಮ ಬಿಸಿಲಿನಲ್ಲಿ ಬೇಗ ಬಿಸಿಯಾಗುತ್ತದೆ, ಒಪ್ಪುತ್ತೇನೆ. ಮೇ ತಿಂಗಳಲ್ಲಿ ಕಲಬುರಗಿ 42, 43 ಡಿಗ್ರಿ ಮುಟ್ಟಿದಾಗ ಹತ್ತು ಗಂಟೆಯ ಹೊತ್ತಿಗೆ ಬಾಟಲಿಯ ನೀರು ಸ್ನಾನದ ನೀರಿನಂತೆ ಇರುತ್ತದೆ. ಎರಡು ಪದರದ, ನಡುವೆ ತೆಳು ಬೆಳ್ಳಿ ಬಣ್ಣದ ಹಾಳೆ ಇರುವ ಹಿಚುಕುವ ಬಾಟಲಿಗಳೂ ಸಿಗುತ್ತವೆ. ಥರ್ಮಾಸಿನಷ್ಟು ತಂಪು ಹಿಡಿಯುವುದಿಲ್ಲ, ಆದರೂ ಸಾದಾ ಬಾಟಲಿಗಿಂತ ಎಷ್ಟೋ ಮೇಲು. ಬೆಲೆ ಜಾಸ್ತಿ, ಕೈಗೆ ಸ್ವಲ್ಪ ಗಟ್ಟಿ.

ದುಡ್ಡು ಕಡಿಮೆ ಇದ್ದರೆ ನಮ್ಮ ಹೊಲದವರ ಉಪಾಯ ಮಾಡು. ತೊಗರಿ ಕೊಯ್ಲಿಗೆ ಹೋಗುವವರು ನೀರಿನ ಕ್ಯಾನಿಗೆ ಗೋಣಿತಟ್ಟು ಸುತ್ತಿ ಹೊಲಿದು, ಅದನ್ನು ನೆನೆಸಿ, ಬೇವಿನ ಮರದ ನೆರಳಲ್ಲಿ ಇಡುತ್ತಾರಲ್ಲ? ನೀನು ಹಳೆಯ ಹತ್ತಿ ಸಾಕ್ಸ್ ಒಂದನ್ನು ಬಾಟಲಿಗೆ ಹಾಕಿ ನೀರು ಚಿಮುಕಿಸು. ಸೈಕಲ್ ಓಡುವಾಗ ಗಾಳಿ ಬಡಿದು ಆ ಒದ್ದೆ ಆರುತ್ತದೆ, ಆರುವಾಗ ಬಾಟಲಿಯ ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಂಪು ಮಾಡಲು ತೆಗೆಯಬೇಕಾದದ್ದು ಒಂದೇ ಕ್ಯಾಲರಿ. ಹಾಗಾಗಿ ಸಾಕ್ಸಿಗೆ ಚಿಮುಕಿಸಿದ ಎರಡು ಗುಟುಕು ನೀರು ದಂಡವಲ್ಲ. ಮಣ್ಣಿನ ಕೊಡದ ನೀರು ತಂಪಾಗುವುದೂ ಹೀಗೆಯೇ. ನಮ್ಮ ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದ ಹಸಿ ಗಾಳಿಯಲ್ಲಿ ಅಷ್ಟಾಗಿ ಇಲ್ಲ. ಸಾಕ್ಸ್ ಹಾಕಿದ ಮೇಲೂ ಬಾಟಲಿ ಕೇಜಿನಲ್ಲಿ ಸರಿಯಾಗಿ ಕೂರುತ್ತದೆಯೇ ನೋಡಿಕೊ. ತೆಳು ಸಾಕ್ಸ್ ಆದರೆ ಕೂರುತ್ತದೆ, ದಪ್ಪ ಉಣ್ಣೆಯದು ಬೇಡ.

ಅಪ್ಪ ಕೊಡಿಸುವ ಥರ್ಮಾಸನ್ನೂ ಬೇಡ ಅನ್ನಬೇಡ. ಅದರಲ್ಲಿ ತಣ್ಣನೆಯ ಮಜ್ಜಿಗೆ ಹಾಕಿ ಬ್ಯಾಗಿನಲ್ಲಿ ಇಟ್ಟುಕೊ. ಗಾಣಗಾಪುರದಲ್ಲಿ ಕೂತು ಕುಡಿ. ಎರಡು ಮೂರು ಗಂಟೆ ಮಜ್ಜಿಗೆ ಇದ್ದರೆ ಒಳ್ಳೆಯ ಸ್ಟೀಲಿಗೆ ಏನೂ ಆಗುವುದಿಲ್ಲ. ಸಂಜೆಯವರೆಗೆ ಬಿಟ್ಟರೆ ಹುಳಿಯೇರಿ, ಒಳಗೆ ಗ್ಯಾಸ್ ತುಂಬಿ, ಮುಚ್ಚಳ ಬಿಗಿಯುತ್ತದೆ. ವಾಸನೆಯೂ ಹೋಗುವುದಿಲ್ಲ.

ಪ್ರಶ್ನೆ: ಸ್ಟೀಲ್ ಬಾಟಲಿಯ ತಳದಲ್ಲಿ 304 ಅಂತ ಬರೆದಿರುತ್ತದೆ, ಪ್ಲಾಸ್ಟಿಕ್ಕಿನದಕ್ಕೆ ತ್ರಿಕೋನದೊಳಗೆ ನಂಬರ್ ಇರುತ್ತದೆ. ಇವುಗಳ ಅರ್ಥ ಏನು? ಅಂಗಡಿಯ ನೀರಿನ ಬಾಟಲಿಯನ್ನೇ ಮತ್ತೆ ಮತ್ತೆ ತುಂಬಿಸಿದರೆ ತಪ್ಪೇ?
— ಬಟ್ಟೆ ಅಂಗಡಿಯವರು, ಹುಮನಾಬಾದ್

ಉತ್ತರ: 304 ಅಂದರೆ ಅಡುಗೆ ಪಾತ್ರೆಯ ದರ್ಜೆಯ ಸ್ಟೀಲ್. ಅದರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. ಅದಕ್ಕೇ ಕೆಲವು ಬಾಟಲಿಗಳ ಮೇಲೆ 18/8 ಅಂತ ಇರುತ್ತದೆ, ಎರಡೂ ಒಂದೇ. ಅದು ಇದ್ದರೆ ಧೈರ್ಯವಾಗಿ ತಗೊಳ್ಳಿ.

ಪ್ಲಾಸ್ಟಿಕ್ಕಿನಲ್ಲಿ 1 ಅಂದರೆ ಅಂಗಡಿಯ ನೀರಿನ ಬಾಟಲಿ. 2, 4, 5 ನಂಬರಿನವು ಮತ್ತೆ ಮತ್ತೆ ಬಳಸುವ ಬಾಟಲಿ, ಡಬ್ಬಿಗಳಿಗೆ ಸಾಮಾನ್ಯವಾಗಿ ಬಳಸುವಂಥವು. ಹಿಚುಕುವ ಸೈಕಲ್ ಬಾಟಲಿ ಬಹುತೇಕ 4. 3 ಮತ್ತು 6 ಕುಡಿಯುವ ನೀರಿಗೆ ಬೇಡ. 7 ಅಂದರೆ ‘ಇತರೆ’. ಅದರಲ್ಲಿ ಒಳ್ಳೆಯದೂ ಇದೆ, ಬಿಪಿಎ ಎಂಬ ರಾಸಾಯನಿಕ ಇರುವ ಹಳೆಯ ಗಟ್ಟಿ ಪಾಲಿಕಾರ್ಬೊನೇಟೂ ಇದೆ. ಬಿಪಿಎ ಇಲ್ಲ ಎಂದು ಬರೆದಿದ್ದರೆ ಮಾತ್ರ ತಗೊಳ್ಳಿ.

ಅಂಗಡಿಯ ಬಾಟಲಿಯನ್ನು ಅವಸರಕ್ಕೆ ಒಂದೆರಡು ಸಲ ತುಂಬಿಸಿದರೆ ಪ್ರಪಂಚ ಮುಳುಗುವುದಿಲ್ಲ. ಆದರೆ ಅದರ ಬಾಯಿ ಸಣ್ಣದು, ಒಳಗೆ ಬ್ರಷ್ ಆಡುವುದಿಲ್ಲ. ತೆಳು ಗೋಡೆ ಬೇಗ ಗೀರುತ್ತದೆ, ಗೀರಿನಲ್ಲಿ ಪಾಚಿ ಕೂರುತ್ತದೆ. ಬಿಸಿನೀರು ಹಾಕಿದರೆ ಸೊಟ್ಟಗಾಗುತ್ತದೆ. ನಿಮ್ಮ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಬಿದ್ದಿದ್ದ ಬಾಟಲಿಯ ನೀರನ್ನು ಗಿಡಕ್ಕೆ ಹಾಕಿಬಿಡಿ.

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ, ಕಬಡ್ಡಿ ಆಡುತ್ತಾಳೆ. ಅವಳ ಬಾಟಲಿಯಿಂದ ಒಂಥರಾ ವಾಸನೆ. ಮೂತಿಯ ಒಳಗೆ ಕಪ್ಪು ಚುಕ್ಕಿಗಳು ಕಾಣುತ್ತಿವೆ. ದಿನಾ ತೊಳೆಯುತ್ತೇನೆ, ಆದರೂ ಹೋಗುತ್ತಿಲ್ಲ.
— ಗೃಹಿಣಿ, ಬೀದರ್

ಉತ್ತರ: ಅಕ್ಕಾ, ನೀವು ತೊಳೆಯುವುದು ಬಾಟಲಿಯನ್ನು. ಕೊಳೆ ಇರುವುದು ಮುಚ್ಚಳದಲ್ಲಿ. ಆ ಕಪ್ಪು ಚುಕ್ಕಿ ಬೂಸ್ಟು. ಮುಚ್ಚಳದ ಒಳಗೆ ಒಂದು ರಬ್ಬರಿನ ವಾಷರ್ ಇರುತ್ತದೆ. ಸೇಫ್ಟಿ ಪಿನ್ನಿನ ಮೊಂಡು ತುದಿಯಿಂದ ಅದನ್ನು ಮೆಲ್ಲಗೆ ಎಬ್ಬಿಸಿ ಹೊರಗೆ ತೆಗೆಯಿರಿ. ಹೆಚ್ಚಿನ ಮನೆಗಳಲ್ಲಿ ಆ ವಾಷರ್ ಕೊಂಡ ದಿನದಿಂದ ಹೊರಗೆ ಬಂದೇ ಇರುವುದಿಲ್ಲ. ಮೂತಿಯನ್ನೂ ಎಳೆದು ಬಿಚ್ಚಿ. ಎಲ್ಲವನ್ನೂ ಉಗುರುಬೆಚ್ಚಗಿನ ನೀರು, ಎರಡು ಚಮಚ ಅಡುಗೆ ಸೋಡಾದಲ್ಲಿ ರಾತ್ರಿಯಿಡೀ ನೆನೆಸಿಡಿ. ಬೆಳಿಗ್ಗೆ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಬಾಟಲಿಯ ಒಳಗೆ ಬ್ರಷ್ ಆಡದಿದ್ದರೆ ಒಂದು ಹಿಡಿ ಅಕ್ಕಿ, ಸ್ವಲ್ಪ ಬಿಸಿನೀರು, ಎರಡು ಹನಿ ಸೋಪು ಹಾಕಿ ಜೋರಾಗಿ ಕುಲುಕಿ. ಅಕ್ಕಿ ಮೂಲೆ ಮೂಲೆಯನ್ನೂ ಉಜ್ಜುತ್ತದೆ.

ತೊಳೆದದ್ದಕ್ಕಿಂತ ಮುಖ್ಯ ಒಣಗಿಸುವುದು. ತೊಳೆದು, ಮುಚ್ಚಳ ಹಾಕಿ, ಕಪಾಟಿನಲ್ಲಿ ಇಟ್ಟರೆ ಒಳಗಿನ ತೇವದಲ್ಲಿ ಬೂಸ್ಟು ಮತ್ತೆ ಬೆಳೆಯುತ್ತದೆ. ಬಾಟಲಿ ಬೋರಲು, ಮುಚ್ಚಳ ಬೇರೆ. ನಮ್ಮ ಬೇಸಿಗೆಯಲ್ಲಿ ಒಣಗಲು ಒಂದು ಗಂಟೆ ಸಾಕು. ಇಷ್ಟು ಮಾಡಿದ ಮೇಲೂ ವಾಷರಿನ ಕಪ್ಪು ಹೋಗದಿದ್ದರೆ ವಾಷರ್ ಬದಲಾಯಿಸಿ. ಬಿಡಿ ವಾಷರ್, ಬಿಡಿ ಮುಚ್ಚಳ ಸಿಗುವ ಬಾಟಲಿಯನ್ನೇ ಮುಂದಿನ ಸಲ ಕೊಳ್ಳಿ. ಬಾಟಲಿ ಹತ್ತು ವರ್ಷ ಬಾಳಬಹುದು, ಮುಚ್ಚಳ ಬಾಳುವುದಿಲ್ಲ. ಮುಚ್ಚಳಕ್ಕಾಗಿ ಇಡೀ ಬಾಟಲಿ ಬಿಸಾಡುವುದು ನನಗೆ ಬಹಳ ಸಂಕಟದ ವಿಷಯ.

ಇನ್ನೊಂದು ಮಾತು. ಬಾಟಲಿಯ ಒಳಗೆ ಬಿಳಿ ಪೊರೆ ಕಟ್ಟಿದ್ದರೆ ಅದು ಕೊಳೆಯಲ್ಲ, ಬೋರಿನ ನೀರಿನ ಸುಣ್ಣ. ನಮ್ಮ ಕಡೆ ನೆಲದಡಿ ಸುಣ್ಣದ ಕಲ್ಲು ಇರುವ ಜಾಗ ಬಹಳ. ಶಹಾಬಾದ್ ಫರ್ಸಿ ಬರುವುದೂ, ಸಿಮೆಂಟ್ ಕಾರ್ಖಾನೆಗಳು ಇರುವುದೂ ಅದರಿಂದಲೇ. ಅದಕ್ಕೆ ಸೋಪು ನಾಟುವುದಿಲ್ಲ. ಹುಣಸೆ ಹುಳಿ ಇಲ್ಲವೇ ನಿಂಬೆರಸ ಹಾಕಿದ ಬಿಸಿನೀರನ್ನು ಅರ್ಧ ಗಂಟೆ ಬಿಡಿ, ಕರಗಿ ಹೋಗುತ್ತದೆ.

ಮಗಳಿಗೆ ಅವಳದೇ ಬಾಟಲಿ ಇರಲಿ, ಹೆಸರು ಬರೆದು ಕೊಡಿ. ತಂಡದವರೆಲ್ಲ ಒಂದೇ ಬಾಟಲಿಗೆ ಬಾಯಿ ಹಚ್ಚಿದರೆ ಒಬ್ಬಳ ನೆಗಡಿ ಏಳು ಜನಕ್ಕೆ ಬರುತ್ತದೆ.

ಪ್ರಶ್ನೆ: ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, 34 ವರ್ಷ. ನಮ್ಮ ಮಹಿಳೆಯರ ಗುಂಪು ವಾರಕ್ಕೊಮ್ಮೆ ಸೇಡಂನಿಂದ ಮಳಖೇಡದ ಕಡೆಗೆ ಸೈಕಲ್ ಹೊಡೆಯುತ್ತದೆ. ದುಬಾರಿ ಬಾಟಲಿಯನ್ನೇ ಕೊಂಡಿದ್ದೇನೆ. ಆದರೆ ತುಂಬಿಸಿಕೊಂಡು ಹೋದ ನೀರು ಹಾಗೇ ವಾಪಸ್ ಬರುತ್ತದೆ. ಕುಡಿದರೆ ಮೂತ್ರಕ್ಕೆ ಎಲ್ಲಿ ಹೋಗುವುದು ಎಂಬ ಭಯ. ಮನೆಗೆ ಬಂದ ಮೇಲೆ ತಲೆನೋವು. ಏನು ಮಾಡಲಿ?
— ಓದುಗರು, ಸೇಡಂ

ಉತ್ತರ: ತಂಗೀ, ಈ ತಿಂಗಳ ಪತ್ರಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು ನಿಮ್ಮ ಪತ್ರ. ನೀವು ಇದನ್ನು ಬರೆದದ್ದಕ್ಕೆ ನನಗೆ ಸಂತೋಷ. ಬಹಳ ಜನ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ನಾನು ಕೆಲಸದಲ್ಲಿದ್ದಾಗ ಒಂದು ಸಲ ಹುಡುಗಿಯರ ಖೋಖೋ ತಂಡವನ್ನು ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಕರೆದುಕೊಂಡು ಹೋಗಿದ್ದೆ. ಆಗಸ್ಟ್ ತಿಂಗಳು, ಮಳೆ ಕೈಕೊಟ್ಟ ವರ್ಷ. ಬೆಳಿಗ್ಗೆ ನಾನೇ ನಿಂತು ಎಲ್ಲರ ಬಾಟಲಿ ತುಂಬಿಸಿದ್ದೆ. ಎರಡನೇ ಪಂದ್ಯದ ಹೊತ್ತಿಗೆ ತಂಡದ ಚುರುಕಾದ ಹುಡುಗಿ ಓಡುತ್ತಲೇ ಕುಸಿದಳು. ನೆರಳಿಗೆ ಎತ್ತಿಕೊಂಡು ಹೋಗಿ, ಮುಖಕ್ಕೆ, ಕೊರಳಿಗೆ ಒದ್ದೆ ಬಟ್ಟೆ ಹಾಕಿ, ಎಚ್ಚರವಾದ ಮೇಲೆ ನೀರು ಕುಡಿಸಲು ಅವಳ ಬಾಟಲಿ ಎತ್ತಿದೆ. ಕೊರಳವರೆಗೆ ತುಂಬಿತ್ತು. ಒಂದು ಗುಟುಕೂ ಕಡಿಮೆಯಾಗಿರಲಿಲ್ಲ. ಯಾಕೆ ಅಂತ ಕೇಳಿದೆ. ‘ಅಕ್ಕೋರೆ, ಇಲ್ಲಿನ ಸಂಡಾಸಿನ ಬಾಗಿಲಿಗೆ ಚಿಲಕ ಇಲ್ಲ’ ಅಂದಳು. ಉಳಿದ ಹುಡುಗಿಯರ ಬಾಟಲಿ ನೋಡಿದೆ. ಎಲ್ಲವೂ ಹಾಗೇ ಇದ್ದವು.

ನಾನು ಹೆಣ್ಣಾಗಿಯೂ ಅದನ್ನು ಮೊದಲೇ ನೋಡಿರಲಿಲ್ಲವಲ್ಲ ಎಂಬ ನೋವು ಇವತ್ತಿಗೂ ಇದೆ. ಅದಾದ ಮೇಲೆ ನಮ್ಮ ತಂಡದ ಪೆಟ್ಟಿಗೆಯಲ್ಲಿ ಬ್ಯಾಂಡೇಜ್, ಸೀಟಿಯ ಜೊತೆ ಒಂದು ಚಿಲಕ, ನಾಲ್ಕು ಸ್ಕ್ರೂ, ಒಂದು ಸ್ಕ್ರೂಡ್ರೈವರ್ ಯಾವಾಗಲೂ ಇರುತ್ತಿದ್ದವು. ಯಾವ ಊರಿನ ಮೈದಾನಕ್ಕೆ ಹೋದರೂ ಮೊದಲು ಅಂಕಣ ನೋಡುತ್ತಿರಲಿಲ್ಲ, ಶೌಚಾಲಯ ನೋಡುತ್ತಿದ್ದೆ. ಮೂರು ಕಡೆ ಚಿಲಕ ಹಾಕಿಯೇ ಬಂದಿದ್ದೇನೆ.

ಆದ್ದರಿಂದ ನಿಮಗೆ ಬೇರೆ ಬಾಟಲಿ ಬೇಡ, ಬೇರೆ ದಾರಿ ಬೇಕು. ಹೊರಡುವ ಹಿಂದಿನ ದಿನ ನಿಲ್ಲುವ ಜಾಗ ಗುರುತು ಮಾಡಿ. ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ, ಕುಡಿಯುವ ನೀರು, ಚಕ್ರಕ್ಕೆ ಗಾಳಿ ಮೂರೂ ಉಚಿತವಾಗಿ ಸಿಗಬೇಕು ಎಂಬ ನಿಯಮ ಇದೆ. ಅಲ್ಲಿ ಡೀಸೆಲ್ ಹಾಕಿಸದೆಯೂ ಕೇಳಬಹುದು. ನಾಚಿಕೊಳ್ಳಬೇಡಿ. ಗುಂಪಿನಲ್ಲಿ ಒಬ್ಬರ ಸಂಬಂಧಿಕರ ಮನೆ ದಾರಿಯಲ್ಲಿ ಇದ್ದರೆ ಅದನ್ನೇ ನಿಲ್ದಾಣ ಮಾಡಿಕೊಳ್ಳಿ. ನಮ್ಮ ಕಡೆ ಹಳ್ಳಿಯ ಮನೆಗಳಲ್ಲಿ ಹೆಣ್ಣುಮಕ್ಕಳು ಬಂದು ಕೇಳಿದರೆ ಬೇಡ ಅನ್ನುವವರನ್ನು ನಾನು ಕಂಡಿಲ್ಲ. ಹಿತ್ತಲಿಗೂ ಕಳಿಸುತ್ತಾರೆ, ಚಹಾನೂ ಕೊಡುತ್ತಾರೆ. ನಿಲ್ಲುವ ಜಾಗ ಗೊತ್ತಿದ್ದರೆ ಕುಡಿಯಲು ಧೈರ್ಯ ಬರುತ್ತದೆ.

ಕುಡಿಯುವ ರೀತಿಯನ್ನೂ ಬದಲಿಸಿ. ಒಂದೇ ಸಲ ಅರ್ಧ ಲೀಟರ್ ಸುರಿದುಕೊಂಡರೆ ಬೇಗ ಮೂತ್ರವಾಗುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಗುಟುಕು ಕುಡಿದರೆ ಹೆಚ್ಚಿನದು ಬೆವರಿಗೇ ಹೋಗುತ್ತದೆ. ಬಾಟಲಿಯ ಮೇಲೆ ಅಳತೆಯ ಗೆರೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮಾರ್ಕರ್ ಪೆನ್ನಿನಿಂದ ಮೂರು ಗೆರೆ ಎಳೆದು ‘6’, ‘7’, ‘8’ ಅಂತ ಗಂಟೆ ಬರೆಯಿರಿ. ಮನೆಗೆ ಬಂದ ಮೇಲೆ ಮೂತ್ರದ ಬಣ್ಣ ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ. ಗಾಢ ಹಳದಿ ಇದ್ದರೆ ಸಾಲದು. ಉರಿ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ, ಮೂತ್ರ ಕಟ್ಟಿ ಹಿಡಿಯುವವರಿಗೆ ಸೋಂಕು ಬೇಗ ಆಗುತ್ತದೆ.

ಮತ್ತೆ, ಜೊತೆಗಿರುವ ಯಾರಾದರೂ ಬಿಸಿಲಲ್ಲಿ ತಡವರಿಸಿ ಮಾತಾಡಿದರೆ, ದಾರಿ ತಪ್ಪಿದವರಂತೆ ನೋಡಿದರೆ, ಮೈ ಕೆಂಡದಂತಿದ್ದರೆ ನೀರು ಕುಡಿಸುತ್ತ ಕೂರಬೇಡಿ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾನು ಶಿಕ್ಷಕ. ಮಕ್ಕಳನ್ನು ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಕಡೆಗೆ ಚಾರಣಕ್ಕೆ ಕರೆದೊಯ್ಯುತ್ತೇನೆ. ಒಳಗೇ ಫಿಲ್ಟರ್ ಇರುವ ಬಾಟಲಿ ಬಂದಿದೆಯಂತೆ. ಅದೊಂದು ಇದ್ದರೆ ದಾರಿಯ ಯಾವ ಬೋರ್‌ವೆಲ್ ನೀರನ್ನೂ ಕುಡಿಯಬಹುದೇ?
— ಶಿಕ್ಷಕರು, ಯಾದಗಿರಿ ಜಿಲ್ಲೆ

ಉತ್ತರ: ಇಲ್ಲ ಸರ್, ದಯವಿಟ್ಟು ಹಾಗೆ ನಂಬಬೇಡಿ. ಆ ಬಾಟಲಿಗಳಲ್ಲಿ ಎರಡು ಬಗೆ. ಸಣ್ಣ ರಂಧ್ರದ ನಾಳಗಳಿರುವ ಫಿಲ್ಟರ್ ಮಣ್ಣು, ಬ್ಯಾಕ್ಟೀರಿಯಾ ತಡೆಯುತ್ತದೆ. ಇದ್ದಿಲಿನ ಫಿಲ್ಟರ್ ವಾಸನೆ, ಕ್ಲೋರಿನ್ ತೆಗೆಯುತ್ತದೆ. ನಿಮ್ಮ ಜಿಲ್ಲೆಯ ಚಿಂತೆ ಬೇರೆ. ಯಾದಗಿರಿಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಅದು ನೀರಿನಲ್ಲಿ ಕರಗಿರುವ ವಸ್ತು. ಇದ್ದಿಲು ಅದನ್ನು ಹಿಡಿಯುವುದಿಲ್ಲ, ಸಣ್ಣ ರಂಧ್ರದಿಂದ ಅದು ನುಸುಳಿ ಬರುತ್ತದೆ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ದಟ್ಟವಾಗುತ್ತದೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು. ಅದನ್ನು ತೆಗೆಯುವುದು ಆರ್‌ಒ ಯಂತ್ರ ಇಲ್ಲವೇ ಆಕ್ಟಿವೇಟೆಡ್ ಅಲ್ಯುಮಿನಾ ಎಂಬ ಹರಳು ತುಂಬಿದ ಫಿಲ್ಟರ್. ಒಂದು ದಿನ ಕುಡಿದ ತಕ್ಷಣ ಏನೂ ಆಗದು. ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳನ್ನು ನೀವು ತರಗತಿಯಲ್ಲಿ ನೋಡಿಯೇ ಇರುತ್ತೀರಿ. ಅದಕ್ಕೇ ಹೇಳುತ್ತೇನೆ: ಊರಿನ ಶುದ್ಧ ನೀರಿನ ಘಟಕದಲ್ಲಿ ತುಂಬಿಸಿಕೊಂಡು ಹೋಗಿ. ಚಾರಣಕ್ಕೆ ಪ್ರತಿ ಮಗುವಿಗೆ ಒಂದು ಲೀಟರಿನ ಎರಡು ಬಾಟಲಿ, ಬ್ಯಾಗಿನ ಎರಡೂ ಬದಿಗೆ ಒಂದೊಂದು. ಒಂದೇ ಬದಿಗೆ ಎರಡು ಕೆಜಿ ತೂಗಿದರೆ ಬಂಡೆ ಹತ್ತುವಾಗ ಮಗು ವಾಲುತ್ತದೆ. ಬೆನ್ನಿಗೆ ಹಾಕುವ, ಕೊಳವೆಯಿಂದ ಹೀರುವ ನೀರಿನ ಚೀಲವೂ ಚಾರಣಕ್ಕೆ ಚೆನ್ನ. ಆದರೆ ಆ ಕೊಳವೆ ತೊಳೆಯುವುದು ಮಕ್ಕಳ ಕೈಲಿ ಆಗುವುದಿಲ್ಲ. ಫಿಲ್ಟರ್ ಬಾಟಲಿಯ ದುಡ್ಡಿನಲ್ಲಿ ಸಾದಾ ಬಾಟಲಿ ಹೆಚ್ಚು ಬರುತ್ತವೆ, ಬಾಟಲಿ ಇಲ್ಲದ ಮಕ್ಕಳಿಗೆ ಕೊಡಬಹುದು.

ಪ್ರಶ್ನೆ: ತಾಮ್ರದ ಬಾಟಲಿಯಲ್ಲಿ ನಿಂಬೆ ಶರಬತ್ತು ಒಯ್ಯಬಹುದೇ? ಬಾಟಲಿಯನ್ನು ಫ್ರೀಜರಿನಲ್ಲಿ ಇಡಬಹುದೇ? ಓಆರ್‌ಎಸ್ ಮನೆಯಲ್ಲಿ ಮಾಡುವುದು ಹೇಗೆ?
— ಓಟಗಾರ, ಭಾಲ್ಕಿ

ಉತ್ತರ: ತಾಮ್ರದಲ್ಲಿ ನಿಂಬೆ, ಮಜ್ಜಿಗೆ, ಯಾವ ಹುಳಿಯೂ ಬೇಡ. ತಾಮ್ರ ಕರಗಿ ಹೊಟ್ಟೆ ಕೆಡುತ್ತದೆ. ಬರೀ ನೀರು ಸರಿ.

ಥರ್ಮಾಸ್ ಬಾಟಲಿಯನ್ನು ಫ್ರೀಜರಿನಲ್ಲಿ ಇಡಲೇಬಾರದು. ನೀರು ಮಂಜಾದಾಗ ನೂರಕ್ಕೆ ಸುಮಾರು 9 ಪಾಲು ಉಬ್ಬುತ್ತದೆ. ಒಳಗಿನ ಗೋಡೆ ಬಿರುಕು ಬಿಟ್ಟರೆ ಆ ಬಾಟಲಿಯ ಕೆಲಸ ಮುಗಿದಂತೆ. ಹಿಚುಕುವ ಬಾಟಲಿಯನ್ನು ಅರ್ಧ ಮಾತ್ರ ತುಂಬಿಸಿ, ಮೂತಿ ತೆರೆದು, ಅಡ್ಡ ಮಲಗಿಸದೆ ಇಡಿ. ಬೆಳಿಗ್ಗೆ ಉಳಿದರ್ಧಕ್ಕೆ ನೀರು ಹಾಕಿಕೊಂಡು ಹೊರಡಿ.

ಓಆರ್‌ಎಸ್ ಪುಡಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಹಾಕಬೇಕು. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿಯಬೇಡಿ. ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಕಣ್ಣಳತೆಯಲ್ಲಿ ಬೇಡ, ಚಮಚವೇ ಬೇಕು. ಒಂದು ಗಂಟೆಯೊಳಗಿನ ಓಟಕ್ಕೆ ಬರೀ ನೀರು ಸಾಕು. ಸಕ್ಕರೆ ಹಾಕಿದ ಬಾಟಲಿಯನ್ನು ಬಂದ ತಕ್ಷಣ ತೊಳೆಯಿರಿ, ಸಂಜೆಗೆ ಬಿಟ್ಟರೆ ಇರುವೆ, ಬೂಸ್ಟು ಎರಡೂ ಬರುತ್ತವೆ.

ಪ್ರಶ್ನೆ: ನನಗೆ 66 ವರ್ಷ. ನಲವತ್ತು ವರ್ಷದ ಹಳೆಯ ಕರಿ ಸೈಕಲ್ ಇದೆ, ದಿನಾ ಹೊಲಕ್ಕೆ ಅದರಲ್ಲೇ ಹೋಗುತ್ತೇನೆ. ಬಾಟಲಿ ಸಿಕ್ಕಿಸಲು ಅದರಲ್ಲಿ ತೂತು ಇಲ್ಲ. ಹೊಸ ಸೈಕಲ್ ಕೊಳ್ಳು ಅಂತ ಮೊಮ್ಮಗ ಹೇಳುತ್ತಾನೆ.
— ರೈತರು, ಆಳಂದ ತಾಲ್ಲೂಕು

ಉತ್ತರ: ಕಾಕಾ, ಬಾಟಲಿಗಾಗಿ ಹೊಸ ಸೈಕಲ್ ಬೇಡ. ಈಗಿನ ಸೈಕಲ್ ಫ್ರೇಮಿನಲ್ಲಿ 64 ಮಿಲಿಮೀಟರ್ ಅಂತರದಲ್ಲಿ ಎರಡು ಬೋಲ್ಟಿನ ತೂತು ಇರುತ್ತವೆ, ನಿಮ್ಮದರಲ್ಲಿ ಇಲ್ಲ, ಅಷ್ಟೇ ವ್ಯತ್ಯಾಸ. ಫ್ರೇಮಿನ ಪೈಪಿಗೆ ಬಿಗಿಯುವ ಕ್ಲಾಂಪ್ ಸಿಗುತ್ತದೆ. ಎರಡು ಕ್ಲಾಂಪ್ ತಗೊಂಡು ಅದಕ್ಕೆ ಕೇಜ್ ಕೂರಿಸಿದರೆ ಆಯಿತು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಸೈಕಲ್ ಅಂಗಡಿಗಳಲ್ಲಿ ವಿಚಾರಿಸಿ. ತೂತು ಕೊರೆದು ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಪೈಪಿನ ಬಲ ಹೋಗುತ್ತದೆ. ನೀವು ಮೇಲಿನ ಡಂಡಿಯ ಮೇಲಿಂದ ಕಾಲು ದಾಟಿಸಿ ಹತ್ತುವವರಾದರೆ ಕೆಳಗಿನ ಓರೆ ಪೈಪಿನ ಒಳಬದಿಗೆ ಹಾಕಿಸಿ, ಕಾಲಿಗೆ ತಾಗುವುದಿಲ್ಲ.

ನಿಮ್ಮ ಕೈಗೆ ಹಿಡಿತ ಕಡಿಮೆ ಅನಿಸಿದರೆ ತಿರುಗಿಸುವ ಮುಚ್ಚಳ ಬೇಡ, ಎಳೆದರೆ ತೆರೆಯುವ ಮೂತಿಯದು ತಗೊಳ್ಳಿ. ಹೊಲದಲ್ಲಿ ಇಡೀ ದಿನ ಇರುವವರಾದ್ದರಿಂದ ಸೈಕಲ್ ಬಾಟಲಿ ದಾರಿಗೆ ಮಾತ್ರ. ಕ್ಯಾನ್, ಗೋಣಿತಟ್ಟು ನಿಮಗೆ ನಾನು ಹೇಳಿಕೊಡಬೇಕಾದ್ದಿಲ್ಲ. ಕ್ಲಾಂಪ್ ಬಿಗಿಯುವ ಮುಂಚೆ ಪೈಪಿಗೆ ಹಳೆಯ ಟ್ಯೂಬಿನ ಒಂದು ತುಂಡು ಸುತ್ತಿಸಿ. ಕ್ಲಾಂಪ್ ಜಾರುವುದಿಲ್ಲ, ಬಣ್ಣವೂ ಕೀಳುವುದಿಲ್ಲ.